ಮೈತುಂಬಿದ ನಾಯಿ, ಕಡಿಮೆಯಾಗುವ ಆಯುಸ್ಸು

ಮನೆಗೆ ಬಂದ ನೆಂಟರು ನಾಯಿಯನ್ನು ನೋಡಿ ‘ಎಷ್ಟು ಚೆನ್ನಾಗಿ ಸಾಕಿದ್ದೀರಿ, ಮೈಕೈ ತುಂಬಿಕೊಂಡಿದೆ’ ಅಂದರೆ ಸಾಕಿದವರಿಗೆ ಹೆಮ್ಮೆ. ಅದೇ ನಾಯಿಯನ್ನು ಪಶುವೈದ್ಯರು ಮುಟ್ಟಿ ನೋಡಿ ‘ತೂಕ ಇಳಿಸಿ’ ಅಂದರೆ ಬೇಸರ. ಫ್ಲ್ಯಾಟುಗಳಲ್ಲಿ ಬೆಳೆಯುವ ಲ್ಯಾಬ್ರಡಾರ್, ಪಗ್, ಬೀಗಲ್, ಪೊಮೆರೇನಿಯನ್‌ಗಳ ಬೊಜ್ಜು ಬಹುಪಾಲು ಮನೆಯವರ ಕೈಯಿಂದಲೇ, ಪ್ರೀತಿಯಿಂದಲೇ, ದಿನಕ್ಕಿಷ್ಟು ಎಂದು ಸೇರಿಕೊಂಡದ್ದು. ಅದನ್ನು ಇಳಿಸುವ ಶಕ್ತಿಯೂ ಆ ಕೈಗಳಿಗೇ ಇದೆ. ಅಡ್ಡ ಬರುವುದು ಕೆಲವು ನಂಬಿಕೆಗಳು.

ತಪ್ಪು ಕಲ್ಪನೆ: ಪಕ್ಕೆಲುಬು ಕೈಗೆ ಸಿಕ್ಕರೆ ನಾಯಿ ಬಡಕಲಾಗಿದೆ ಎಂದರ್ಥ.

ವಾಸ್ತವ: ಸಿಗಲೇಬೇಕು. ಪಶುವೈದ್ಯರು ನಾಯಿಯ ಮೈಕಟ್ಟನ್ನು 1ರಿಂದ 9ರವರೆಗಿನ ಅಂಕಗಳಲ್ಲಿ ಅಳೆಯುತ್ತಾರೆ. 4 ಮತ್ತು 5 ಸರಿಯಾದ ಮೈಕಟ್ಟು. 6, 7 ಬಂದರೆ ತೂಕ ಹೆಚ್ಚು. 8, 9 ಬೊಜ್ಜು. ಇದನ್ನು ಮನೆಯಲ್ಲೇ ನೋಡಬಹುದು. ನಿಂತ ನಾಯಿಯನ್ನು ಮೇಲಿನಿಂದ ನೋಡಿದರೆ ಪಕ್ಕೆಲುಬಿನ ಹಿಂದೆ ಸೊಂಟ ಒಳಸರಿದಿರಬೇಕು. ಪಕ್ಕದಿಂದ ನೋಡಿದರೆ ಹೊಟ್ಟೆ ಹಿಂಗಾಲಿನ ಕಡೆಗೆ ಮೇಲೇರಿರಬೇಕು. ಬೆರಳುಗಳನ್ನು ಪಕ್ಕೆಯ ಮೇಲೆ ಮೆಲ್ಲಗೆ ಆಡಿಸಿದರೆ, ನಿಮ್ಮದೇ ಅಂಗೈಯನ್ನು ಬೋರಲು ಹಾಕಿ ಹಿಂಗೈ ಸವರಿದಾಗ ಮೂಳೆಗಳು ತಿಳಿಯುವಷ್ಟೇ ಎಲುಬು ತಿಳಿಯಬೇಕು. ಒತ್ತಿ ಹುಡುಕಬೇಕಾಗಿ ಬಂದರೆ ಕೊಬ್ಬು ಹೆಚ್ಚಾಗಿದೆ. ಪೊಮೆರೇನಿಯನ್‌ನಂತಹ ದಟ್ಟ ಕೂದಲಿನ ನಾಯಿಗಳಲ್ಲಿ ಕಣ್ಣನ್ನು ನಂಬಲಾಗದು, ಕೈಯನ್ನೇ ನಂಬಬೇಕು. ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯದು ಬೇರೆ ಮಾತು. ಓಟಕ್ಕೆಂದೇ ಬೆಳೆದ ತಳಿ ಅದು. ಕೊನೆಯ ಕೆಲವು ಪಕ್ಕೆಲುಬುಗಳು ಹೊರಗೆ ಕಾಣುವುದೇ ಅದಕ್ಕೆ ಸಹಜ. ಅಯ್ಯೋ ಪಾಪ ಎಂದು ಅದನ್ನು ಲ್ಯಾಬ್ರಡಾರಿನಂತೆ ದಪ್ಪ ಮಾಡಹೊರಡುವುದು ಅದಕ್ಕೆ ಮಾಡುವ ಅನ್ಯಾಯ.

ತಪ್ಪು ಕಲ್ಪನೆ: ಸ್ವಲ್ಪ ದಪ್ಪಗಿದ್ದರೇನಂತೆ, ಆರಾಮಾಗಿದೆಯಲ್ಲ.

ವಾಸ್ತವ: ಅಮೆರಿಕದಲ್ಲಿ 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಶೇ 25ರಷ್ಟು ಕಡಿಮೆ ಆಹಾರ ಕೊಟ್ಟು, ಜೀವಮಾನವಿಡೀ ಗಮನಿಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಕಡಿಮೆ ತಿಂದವು ಸುಮಾರು 13 ವರ್ಷ ಬದುಕಿದವು, ಹೆಚ್ಚು ತಿಂದವು 11.2 ವರ್ಷ. ಕೀಲುನೋವಿಗೆ ಚಿಕಿತ್ಸೆ ಬೇಕಾಗಿ ಬಂದ ವಯಸ್ಸೂ ಕಡಿಮೆ ತಿಂದವುಗಳಲ್ಲಿ ಮುಂದಕ್ಕೆ ಹೋಗಿತ್ತು. ಇಲ್ಲಿ ಮುಖ್ಯವಾಗಿ ಗಮನಿಸಬೇಕಾದ್ದೆಂದರೆ, ಹೆಚ್ಚು ತಿಂದ ಗುಂಪಿನವು ವಿಪರೀತ ಬೊಜ್ಜಿನ ನಾಯಿಗಳೇನಲ್ಲ. ನಾವು ‘ಸ್ವಲ್ಪ ದಪ್ಪ’ ಅನ್ನುವ ಮೈಯವೇ. ಆ ಸ್ವಲ್ಪದ ಬೆಲೆ ಸುಮಾರು ಎರಡು ವರ್ಷದ ಬದುಕು.

ಕೊಬ್ಬು ಸುಮ್ಮನೆ ಕೂರುವ ಹೊರೆಯೂ ಅಲ್ಲ, ಉರಿಯೂತ ಹೆಚ್ಚಿಸುವ ರಾಸಾಯನಿಕಗಳನ್ನು ಅದು ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ಮೊದಲೇ ಚಪ್ಪಟೆ ಮೂಗಿನ ಪಗ್‌ಗೆ ಉಸಿರಾಟ ಇನ್ನಷ್ಟು ಕಷ್ಟ. ಬೇಸಿಗೆಯ ಶಾಖಾಘಾತಕ್ಕೆ ಸುಲಭವಾಗಿ ತುತ್ತಾಗುವುದು ಇಂಥವೇ. ಬೆನ್ನು ಉದ್ದವಿರುವ ಡ್ಯಾಶ್‌ಹೌಂಡ್‌ಗೆ ಬೆನ್ನುಹುರಿಯ ತೊಂದರೆಯ ಭಯ. ಧೈರ್ಯ ಕೊಡುವ ಮಾತೂ ಇದೆ: ಕೀಲು ಸವೆದು ಕುಂಟುವ ದಪ್ಪ ನಾಯಿಗಳಲ್ಲಿ ತೂಕ ಶೇ 6ರಷ್ಟು ಇಳಿದರೂ ಕುಂಟುವುದು ಕಡಿಮೆಯಾದದ್ದು ಕಂಡುಬಂದಿದೆ.

ತಪ್ಪು ಕಲ್ಪನೆ: ಅದು ತಿನ್ನುವುದೇ ಸ್ವಲ್ಪ, ಒಂದೆರಡು ಬಿಸ್ಕತ್ತು ಅಷ್ಟೇ.

ವಾಸ್ತವ: ಲೆಕ್ಕ ಹಾಕೋಣ. 10 ಕೆಜಿ ತೂಗುವ ನಾಯಿ ಸುಮ್ಮನೆ ಮಲಗಿದ್ದರೆ ಅದರ ದೇಹಕ್ಕೆ ದಿನಕ್ಕೆ ಬೇಕಾದದ್ದು ಸುಮಾರು 400 ಕಿಲೊಕ್ಯಾಲೊರಿ. ಓಡಾಟವೂ ಸೇರಿದರೆ 600ರ ಆಸುಪಾಸು. ಒಂದು ಮಾರಿ ಬಿಸ್ಕತ್ತಿನಲ್ಲಿ ಸುಮಾರು 25 ಇರುತ್ತದೆ. ಬೆಳಗಿನ ಕಾಫಿಯ ಹೊತ್ತಿಗೆ ಅಜ್ಜ ಎರಡು, ಸ್ಕೂಲಿಂದ ಬಂದ ಮಗಳು ಎರಡು ಕೊಟ್ಟರೆ 100 ಆಯಿತು. ರಾತ್ರಿ ಅಮ್ಮ ತಟ್ಟೆಯಲ್ಲಿ ಉಳಿದ ತುಪ್ಪ ಸವರಿದ ಚಪಾತಿ ಹಾಕಿದರೆ ಇನ್ನೊಂದು 100ಕ್ಕೂ ಮೇಲೆ. ಹೊಟ್ಟೆ ತುಂಬ ಚಿಕನ್ ಅನ್ನವೋ ಪ್ಯಾಕೆಟ್ ಆಹಾರವೋ ತಿಂದ ಮೇಲೆ ಹೋದದ್ದು ಇದೆಲ್ಲ. ಕೊಟ್ಟ ಪ್ರತಿಯೊಬ್ಬರಿಗೂ ತಾನು ಕೊಟ್ಟದ್ದು ಸ್ವಲ್ಪವೇ ಎಂಬ ನೆಮ್ಮದಿ. ಮೈಗೆ ಹತ್ತುವುದು ಮಾತ್ರ ಒಟ್ಟು ಮೊತ್ತ.

ಬಾಯಾಡಲು ಕೊಡುವ ತಿಂಡಿ ಇಡೀ ದಿನದ ಕ್ಯಾಲೊರಿಯ ಶೇ 10 ಮೀರಬಾರದು ಎಂಬುದು ಪಶುವೈದ್ಯರ ನಿಯಮ. ಅಂದರೆ ಈ ನಾಯಿಗೆ ಎರಡು ಬಿಸ್ಕತ್ತು, ಮುಗಿಯಿತು. ನನಗೆ ಸರಿ ಅನ್ನಿಸುವ ಉಪಾಯ ಇದು: ದಿನದ ಅಷ್ಟೂ ಆಹಾರವನ್ನು ಬೆಳಿಗ್ಗೆಯೇ ತೂಗಿ ಡಬ್ಬಿಗೆ ಹಾಕಿಡಿ, ಯಾರೇ ಕೊಡಲಿ, ಅದರಿಂದಲೇ ತೆಗೆದು ಕೊಡಲಿ. ಕೊಡುವ ಸುಖ ಯಾರಿಗೂ ತಪ್ಪುವುದಿಲ್ಲ. ಕಪ್ಪಿನಲ್ಲಿ ಅಳೆದರೆ ದಿನಕ್ಕೊಂದು ಅಳತೆಯಾಗುತ್ತದೆ, ಗ್ರಾಂ ತೂಗುವ ಅಡುಗೆಮನೆಯ ತಕ್ಕಡಿಯೇ ಮೇಲು. ಬಿಸ್ಕತ್ತಿನ ಜಾಗಕ್ಕೆ ಸೌತೆಕಾಯಿ, ಬೇಯಿಸಿದ ಹುರುಳಿಕಾಯಿ, ಕ್ಯಾರೆಟ್ ತುಂಡು ಬರಲಿ. ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ ಬೇಡವೇ ಬೇಡ, ಅವು ನಾಯಿಗೆ ವಿಷ.

ತಪ್ಪು ಕಲ್ಪನೆ: ಹಾಗೆ ನೋಡುತ್ತಿದೆ ಎಂದರೆ ಹಸಿವಾಗಿದೆ.

ವಾಸ್ತವ: ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಲ್ಯಾಬ್ರಡಾರ್‌ಗಳಲ್ಲಿ ಪಿಓಎಂಸಿ ಎಂಬ ವಂಶವಾಹಿಯ ದೋಷವೊಂದನ್ನು ಗುರುತಿಸಿದರು. ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಲ್ಯಾಬ್‌ನಲ್ಲಿ ಅದು ಇದೆ. ಆ ದೋಷವಿರುವ ನಾಯಿಗೆ ಊಟವಾದ ಮೇಲೂ ತಿನ್ನುವ ಆಸೆ ಉಳಿದಿರುತ್ತದೆ. ಅದರ ಬೇಡುವ ಕಣ್ಣು ನಾಟಕವಲ್ಲ, ಹೊಟ್ಟೆ ಖಾಲಿ ಎಂಬುದರ ಗುರುತೂ ಅಲ್ಲ. ಇಂಥ ನಾಯಿಯನ್ನು ಹೊಟ್ಟೆಬಾಕ ಎಂದು ಬೈಯುವುದು ತಪ್ಪು. ಅದರ ಪರವಾಗಿ ‘ಸಾಕು’ ಎನ್ನಬೇಕಾದವರು ನಾವು.

ತಪ್ಪು ಕಲ್ಪನೆ: ವಾಕಿಂಗ್ ಹೆಚ್ಚಿಸಿದರೆ ತೂಕ ತಾನಾಗಿ ಇಳಿಯುತ್ತದೆ.

ವಾಸ್ತವ: 20 ಕೆಜಿ ನಾಯಿ 3 ಕಿಲೊಮೀಟರ್ ನಡೆದರೆ ಕರಗುವುದು ಸುಮಾರು 60 ಕಿಲೊಕ್ಯಾಲೊರಿ. ಎರಡೂವರೆ ಮಾರಿ ಬಿಸ್ಕತ್ತು! ನಡಿಗೆ ಸ್ನಾಯುಗಳಿಗೂ ಮನಸ್ಸಿಗೂ ಬೇಕು, ತಪ್ಪಿಸಬೇಡಿ. ತೂಕ ಇಳಿಯುವುದು ತಟ್ಟೆಯಿಂದ. ದಪ್ಪ ನಾಯಿಯನ್ನು ಏಕಾಏಕಿ ಓಡಿಸಿದರೆ ಕೀಲು, ಎದೆ ಎರಡಕ್ಕೂ ಅಪಾಯ.

ತಪ್ಪು ಕಲ್ಪನೆ: ಸಂತಾನಹರಣ ಆಪರೇಷನ್ ಮಾಡಿಸಿದರೆ ದಪ್ಪಗಾಗುವುದು ಖಚಿತ.

ವಾಸ್ತವ: ಆಪರೇಷನ್ ನಂತರ ದೇಹಕ್ಕೆ ಬೇಕಾಗುವ ಶಕ್ತಿ ಇಳಿಯುತ್ತದೆ, ಹಸಿವು ಏರುತ್ತದೆ. ಆಗಲೇ ಆಹಾರ ತಗ್ಗಿಸಿ ಆಗಾಗ ತೂಕ ನೋಡುತ್ತಿದ್ದರೆ ಮೈ ಹೆಚ್ಚುವುದಿಲ್ಲ. ಈ ಭಯಕ್ಕೆ ಆಪರೇಷನ್ ಬಿಡಬೇಡಿ, ಹೆಣ್ಣುನಾಯಿಗಳನ್ನು ಗರ್ಭಕೋಶದ ಕೀವಿನಿಂದ ಅದು ಕಾಪಾಡುತ್ತದೆ.

ತಪ್ಪು ಕಲ್ಪನೆ: ಎರಡು ದಿನ ಉಪವಾಸ ಹಾಕಿದರೆ, ಇಲ್ಲವೇ ಮಾತ್ರೆ ಕೊಟ್ಟರೆ ಸರಿಹೋಗುತ್ತದೆ.

ವಾಸ್ತವ: ಉಪವಾಸದಲ್ಲಿ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ನಾಯಿಗಳ ಬೊಜ್ಜಿಗೆಂದು 2007ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಔಷಧವೊಂದು ಈಗ ಮಾರುಕಟ್ಟೆಯಲ್ಲಿಲ್ಲ. ಮನುಷ್ಯರ ಮಾತ್ರೆಯನ್ನಂತೂ ಮುಟ್ಟಿಸಲೇಬೇಡಿ. ಮೊದಲು ಪಶುವೈದ್ಯರ ಹತ್ತಿರ ಹೋಗಿ. ಥೈರಾಯ್ಡ್ ಕೊರತೆ, ಕುಶಿಂಗ್ ಕಾಯಿಲೆ ಇದ್ದರೂ ಮೈ ಊದುತ್ತದೆ, ಹೊಟ್ಟೆಯಲ್ಲಿ ನೀರು ತುಂಬಿದ್ದೂ ಬೊಜ್ಜಿನಂತೆ ಕಾಣಬಹುದು. ಅವಿಲ್ಲ ಎಂದಾದರೆ ವಾರಕ್ಕೆ ದೇಹತೂಕದ ಶೇ 1ರಿಂದ 2 ಇಳಿದರೆ ಸಾಕು. 30 ಕೆಜಿ ಇರಬೇಕಾದ ಲ್ಯಾಬ್ 36 ತೂಗುತ್ತಿದ್ದರೆ ನಾಲ್ಕೈದು ತಿಂಗಳು ಹಿಡಿಯುವುದು ಸಹಜ, ಅವಸರ ಬೇಡ. ನಾಯಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಬಂದ ಅಂಕಿಯಿಂದ ನಿಮ್ಮ ತೂಕ ಕಳೆಯಿರಿ. ಎತ್ತಲಾಗದಷ್ಟು ದೊಡ್ಡದಾದರೆ ಕ್ಲಿನಿಕ್ಕಿಗೆ ಕರೆದೊಯ್ಯಿರಿ. ಎರಡು ವಾರಕ್ಕೊಮ್ಮೆ ಬರೆದಿಡಿ. ಅಂಕಿ ಕದಲದಿದ್ದರೆ ವೈದ್ಯರನ್ನು ಕೇಳಿ ಆಹಾರವನ್ನು ಇನ್ನಷ್ಟು ತಗ್ಗಿಸಿ. ಅದಕ್ಕೂ ಮುನ್ನ, ಡಬ್ಬಿಯ ಹೊರಗಿನಿಂದ ಯಾರಾದರೂ ಕೊಡುತ್ತಿದ್ದಾರೆಯೇ ಎಂದು ಮನೆಯವರನ್ನು ಕೇಳಿ ನೋಡಿ.