ಅಪ್ಪ ಯಾವ ಕೆಲಸ ಮಾಡುತ್ತಿದ್ದರು?

ಈ ವಾರ ಕೊಲೆಸ್ಟರಾಲ್ ಬಿಟ್ಟು ಗಣಿ ಧೂಳಿನ ಬಗ್ಗೆ ಬರೆಯುತ್ತಿದ್ದೇನೆ. ಹೃದಯದ ಡಾಕ್ಟರಿಗೂ ಗಣಿಗೂ ಏನು ಸಂಬಂಧ ಅನ್ನಬೇಡಿ.

ಕೆಲ ದಿನಗಳ ಹಿಂದೆ ಕೆಜಿಎಫ್‌ನಿಂದ ಮಗನ ಮನೆಗೆ ಬಂದಿದ್ದ ಎಪ್ಪತ್ತರ ಹಿರಿಯರೊಬ್ಬರನ್ನು ನನ್ನ ಬಳಿ ಕರೆತಂದಿದ್ದರು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಸಂಜೆಯಾದರೆ ಕಾಲು ಊತ. ಆಸ್ತಮಾ ಎಂದುಕೊಂಡು ಮೂರು ವರ್ಷದಿಂದ ಪಂಪ್ ಎಳೆಯುತ್ತಿದ್ದರು. "ಬ್ಲಾಕ್ ಇರಬಹುದು, ಆಂಜಿಯೋಗ್ರಾಂ ಮಾಡಿಬಿಡಿ ಸರ್" ಎಂದು ಮಗನ ಒತ್ತಾಯ. ಎಕೋ ಮಾಡಿದರೆ ಹೃದಯದ ಎಡಭಾಗ ಚೆನ್ನಾಗಿಯೇ ಇತ್ತು, ಹಿಗ್ಗಿದ್ದು ಬಲಭಾಗ.

ಆಗ ಕೇಳಿದೆ, "ಏನು ಕೆಲಸ ಮಾಡ್ತಿದ್ರಿ ಯಜಮಾನ್ರೇ?"

"ಗಣಿ ಒಳಗೆ ಡ್ರಿಲ್ಲಿಂಗು ಸ್ವಾಮಿ, 22 ವರ್ಷ."

ಈ ಪ್ರಶ್ನೆಯನ್ನು ನಾನು ಮೊದಲೇ ಕೇಳಬೇಕಿತ್ತು.

ಕಲ್ಲು ಕೊರೆಯುವಾಗ ಏಳುವ ಸಿಲಿಕಾ ಧೂಳಿನ ಅತಿ ಸಣ್ಣ ಕಣಗಳು ಕಣ್ಣಿಗೆ ಕಾಣುವುದಿಲ್ಲ. ಅವು ಶ್ವಾಸಕೋಶದ ಆಳಕ್ಕಿಳಿದು, ಗಾಯದ ಕಲೆಯಂತೆ ಅಲ್ಲಲ್ಲಿ ಗಟ್ಟಿ ಕಟ್ಟಿಸುತ್ತವೆ. ಇದೇ ಸಿಲಿಕೋಸಿಸ್. ಅಂಥ ಶ್ವಾಸಕೋಶಕ್ಕೆ ರಕ್ತ ತಳ್ಳಿ ತಳ್ಳಿ ಹೃದಯದ ಬಲಭಾಗ ಸೋಲುತ್ತದೆ. ಕೆಲಸ ಬಿಟ್ಟು ಹತ್ತಿಪ್ಪತ್ತು ವರ್ಷವಾದ ಮೇಲೂ ಕಾಯಿಲೆ ಕಾಣಿಸಿಕೊಳ್ಳಬಹುದು.

ಇದು ಹೊಸ ವಿಷಯವಲ್ಲ. 1940ರ ದಶಕದಲ್ಲೇ ಕೋಲಾರದ ಚಿನ್ನದ ಗಣಿಗಳಲ್ಲಿ 7 ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ 40ಕ್ಕಿಂತ ಹೆಚ್ಚು ಜನರಲ್ಲಿ ಸಿಲಿಕೋಸಿಸ್ ಸಿಕ್ಕಿತ್ತು. 2001ರಲ್ಲಿ ಗಣಿ ಮುಚ್ಚಿತು. ಸಂಬಳ ನಿಂತಿತು, ಮಕ್ಕಳು ಬೆಂಗಳೂರಿನ ರೈಲು ಹತ್ತಿದರು, ಕೆಲವರು ನಮ್ಮ ಹಾಗೆ ಇನ್ನೂ ದೂರ ಬಂದರು. ಚಿನ್ನ ತೆಗೆದು ಉಳಿದ ಪುಡಿಯ ಗುಡ್ಡಗಳು ಮಾತ್ರ ಊರಲ್ಲೇ ಇವೆ. ಗಾಳಿ ಬೀಸಿದರೆ ಆ ಧೂಳು ಮನೆಯೊಳಗೂ ಬರುತ್ತದೆ.

ಗಣಿ ಒಂದೇ ಅಲ್ಲ. ಇಳಕಲ್ಲಿನ ಗ್ರಾನೈಟ್ ಕ್ವಾರಿ, ಜಲ್ಲಿ ಕ್ರಷರ್, ಈ ಊರುಗಳಲ್ಲಿ ನಮ್ಮವರೇ ಮಾಡುವ ಕಲ್ಲು, ಟೈಲ್ಸ್ ಕಟಿಂಗ್‌ನಲ್ಲೂ ಇರುವುದು ಇದೇ ಧೂಳು. ಮುಖಕ್ಕೆ ಕಟ್ಟಿದ ಟವೆಲ್ ಇದನ್ನು ತಡೆಯುವುದಿಲ್ಲ. ನೀರು ಬಿಡುತ್ತಾ ಕೊಯ್ದರೆ ಧೂಳು ಬಹಳ ಕಡಿಮೆ.

ಶ್ವಾಸಕೋಶದ ಕಲೆ ಅಳಿಸುವ ಔಷಧಿ ಇಲ್ಲ. ಇಂಥವರಿಗೆ ಟಿಬಿ ಬೇಗ ಹತ್ತುತ್ತದೆ. ಎಕ್ಸ್‌ರೇಯಲ್ಲಿ ಸಿಲಿಕೋಸಿಸ್ ನೋಡಿ ಟಿಬಿ ಎಂದುಕೊಳ್ಳುವುದೂ ಉಂಟು. ಹಾಗಾಗಿ ಕಫ ಪರೀಕ್ಷೆ ಮಾಡಿಸಿ. ಬೀಡಿ ಸೇದುತ್ತಿದ್ದರೆ ಇವತ್ತೇ ನಿಲ್ಲಿಸಲಿ. ಕಾನೂನಿನಲ್ಲಿ ಇದು ಉದ್ಯೋಗದಿಂದ ಬರುವ ರೋಗ, ಪರಿಹಾರ ಕೇಳಲು ಅವಕಾಶವಿದೆ. ಹಳೆಯ ಸರ್ವೀಸ್ ದಾಖಲೆಗಳನ್ನು ಎಸೆಯಬೇಡಿ.

ಆ ಹಿರಿಯರು ತಮ್ಮ ಗುರುತಿನ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದರು. ಈಗ ಊತ ಇಳಿಯುವ ಮಾತ್ರೆ, ರಾತ್ರಿ ಆಕ್ಸಿಜನ್ ನಡೆಯುತ್ತಿದೆ. ಮೊನ್ನೆ ಬಂದಾಗ ಕಾಲು ತೋರಿಸಿ, "ಚಪ್ಪಲಿ ಹಾಕೋಕೆ ಆಗ್ತಿದೆ ಸ್ವಾಮಿ" ಅಂದರು.