ಡಬ್ಬಿ ಮೀನಿನಲ್ಲಿ ದಿಢೀರ್ ತಿಂಡಿ

ಜೂನ್ ಒಂದಕ್ಕೆ ಕರಾವಳಿಯ ಯಾಂತ್ರಿಕ ದೋಣಿಗಳು ದಕ್ಕೆ ಸೇರಿದರೆ ಮತ್ತೆ ಅವು ಕಡಲಿಗಿಳಿಯುವುದು ಆಗಸ್ಟ್ ಹುಟ್ಟಿದ ಮೇಲೆಯೇ. ಮೀನುಗಳು ಮೊಟ್ಟೆಯಿಡುವ ಕಾಲವೆಂದು ಸರ್ಕಾರ ವಿಧಿಸಿರುವ 61 ದಿನಗಳ ನಿಷೇಧ ಅದು. ಆ ದಿನಗಳಲ್ಲಿ ಮಾರುಕಟ್ಟೆಗೆ ಹೋದವರಿಗೆ ಮೀನಿನ ಬೆಲೆ ಕೇಳಿಯೇ ಹೊಟ್ಟೆ ತುಂಬುತ್ತದೆ. ಹಿಂದೆ ಈ ಎರಡು ತಿಂಗಳಿಗೆ ಒಣಮೀನೇ ಗತಿಯಾಗಿತ್ತು. ಈಗ ಪೇಟೆಯ ದೊಡ್ಡ ಅಂಗಡಿಗಳ ಕಪಾಟಿನಲ್ಲಿ ಟೂನಾ, ಬಂಗುಡೆ, ಬೂತಾಯಿ ಡಬ್ಬಿಗಳು ಸಾಲಾಗಿ ಕುಳಿತಿವೆ. ಮಂಗಳೂರು, ಉಡುಪಿ, ಭಟ್ಕಳದ ಕಡೆಯ ಮನೆಗಳಿಗೆ ಇವು ತೀರ ಹೊಸತೇನಲ್ಲ. ಕೊಲ್ಲಿ ದೇಶಗಳಿಂದ ರಜೆಗೆ ಬರುವ ಹುಡುಗರ ಪೆಟ್ಟಿಗೆಯಲ್ಲಿ ಹಾಲಿನ ಪುಡಿಯ ಪಕ್ಕ ಟೂನಾ ಡಬ್ಬಿಯೂ ಇರುತ್ತಿತ್ತು. ಅಲ್ಲಿ ಒಂದೇ ಕೋಣೆಯಲ್ಲಿ ನಾಲ್ಕೈದು ಮಂದಿ ಇದ್ದು, ದುಡಿದು ಬಂದ ರಾತ್ರಿ ಒಲೆಯ ಮುಂದೆ ನಿಲ್ಲಲು ತ್ರಾಣವಿಲ್ಲದವರಿಗೆ ಅದು ಆಪದ್ಬಾಂಧವ.

ಆದರೆ ನಮ್ಮ ಹಿರಿಯರು ಡಬ್ಬಿ ಮೀನು ಎಂದೊಡನೆ ಮೂಗು ಮುರಿಯುತ್ತಾರೆ. ಯಾವ ಕಾಲದ ಮೀನೋ, ಕೆಡದಂತೆ ಎಂಥ ಮದ್ದು ಬೆರೆಸಿದ್ದಾರೋ ಎಂಬ ಅನುಮಾನ. ಇದಕ್ಕೆ ಉತ್ತರ ಅವರ ಅಡುಗೆಮನೆಯಲ್ಲೇ ಇದೆ. ನೀರು ಸಾಮಾನ್ಯವಾಗಿ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಪ್ರೆಶರ್ ಕುಕ್ಕರಿನಲ್ಲಿ ಒತ್ತಡ ಹೆಚ್ಚಿದಾಗ ಸುಮಾರು 120 ಡಿಗ್ರಿಯವರೆಗೆ ಏರುತ್ತದೆ. ಕಾರ್ಖಾನೆಯಲ್ಲಿ ನಡೆಯುವುದೂ ಹೆಚ್ಚು ಕಡಿಮೆ ಇದೇ. ಮೀನನ್ನು ಡಬ್ಬಿಗೆ ತುಂಬಿ, ಗಾಳಿಯಾಡದಂತೆ ಮುಚ್ಚಿ, ಆಮೇಲೆ ದೊಡ್ಡ ಕುಕ್ಕರಿನಂಥ ಪಾತ್ರೆಯಲ್ಲಿ ಅಷ್ಟೇ ಕಾವಿನಲ್ಲಿ ಬೇಯಿಸುತ್ತಾರೆ. ಒಳಗಿನ ಸೂಕ್ಷ್ಮಜೀವಿಗಳು ಸತ್ತವು, ಹೊರಗಿನವು ಒಳಹೋಗಲಾರವು. ಮೀನು ಕೆಡದಿರುವ ಗುಟ್ಟು ಇಷ್ಟೇ. ಮದ್ದಿನ ಅಗತ್ಯವೇ ಇಲ್ಲ.

ಫ್ರಾನ್ಸಿನ ಮಿಠಾಯಿಗಾರ ನಿಕೊಲಾ ಅಪೇರ್ ಗಾಜಿನ ಬಾಟಲಿಗಳಲ್ಲಿ ಆಹಾರ ತುಂಬಿ, ಬಿರಡೆ ಹಾಕಿ, ಕುದಿಸಿ ಕಾಪಾಡುವ ವಿಧಾನವನ್ನು 1810ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಸರ್ಕಾರದಿಂದ ಅವನಿಗೆ 12,000 ಫ್ರಾಂಕ್ ಬಹುಮಾನವೂ ಸಿಕ್ಕಿತು. ಅದೇ ವರ್ಷ ಇಂಗ್ಲೆಂಡಿನಲ್ಲಿ ಪೀಟರ್ ಡುರಾಂಡ್ ತವರ ಲೇಪಿಸಿದ ಡಬ್ಬಿಗೆ ಪೇಟೆಂಟ್ ಪಡೆದ. ಸ್ವಾರಸ್ಯವೆಂದರೆ ಆಹಾರವೇಕೆ ಕೆಡುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ. ಅದನ್ನು ಲೂಯಿ ಪಾಶ್ಚರ್ ಬಾಗಿದ ಕತ್ತಿನ ಕುಪ್ಪಿಗಳಿಂದ ತೋರಿಸಿಕೊಟ್ಟದ್ದು ಅರ್ಧ ಶತಮಾನದ ಬಳಿಕ. ನಮ್ಮ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಸೈನಿಕರಿಗಾಗಿ ರೂಪಿಸಿದ, ಬಿಸಿ ಮಾಡಿ ಉಣ್ಣುವ ಆಹಾರದ ಪೊಟ್ಟಣಗಳ ಹಿಂದಿರುವುದೂ ಇದೇ ತತ್ತ್ವ.

ಅಂದರೆ ಡಬ್ಬಿಯ ಮೀನು ಈಗಾಗಲೇ ಬೆಂದ ಮೀನು. ಇದು ಮನಸ್ಸಿನಲ್ಲಿದ್ದರೆ ಅಡುಗೆ ಅರ್ಧ ಮುಗಿದಂತೆ. ಅದನ್ನು ಹಸಿ ಮೀನಿನಂತೆ ಸಾರಿಗೆ ಹಾಕಿ ಕೊತಕೊತ ಕುದಿಸಿದರೆ ನಾರೋ ಹಿಟ್ಟೋ ಆಗುತ್ತದೆ. ತಾಜಾ ಬಂಗುಡೆಯ ಪುಳಿಮುಂಚಿಯ ರುಚಿಯನ್ನು ಅದರಿಂದ ನಿರೀಕ್ಷಿಸುವುದೂ ಅನ್ಯಾಯ. ಸಂಜೆಯ ಕುರುಕಲಿಗೆ, ಬೆಳಗಿನ ಅವಸರದ ತಿಂಡಿಗೆ ಮಾತ್ರ ಅದಕ್ಕೆ ಸಾಟಿಯಿಲ್ಲ.

ಎಲ್ಲಕ್ಕಿಂತ ನನಗೆ ಮೆಚ್ಚುಗೆಯಾದದ್ದು ಮೀನಿನ ಪಡ್ಡು. ಮನೆಯಲ್ಲಿ ಉಳಿದ, ತುಸು ಹುಳಿಯಾದ ದೋಸೆ ಹಿಟ್ಟು ಎರಡು ಲೋಟ ಇರಲಿ. ಉಪ್ಪುನೀರಿನಲ್ಲಿಟ್ಟ ಟೂನಾದ ಒಂದು ಡಬ್ಬಿ ಒಡೆದು, ನೀರು ಬಸಿದು, ಕೈಯಿಂದ ಹಿಂಡಿ ಪುಡಿ ಮಾಡಿ. ಹಿಂಡುವುದನ್ನು ಮರೆತರೆ ಹಿಟ್ಟು ನೀರಾಗಿ ಪಡ್ಡು ಏಳುವುದಿಲ್ಲ. ಸಣ್ಣಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸು, ಶುಂಠಿ, ಕರಿಬೇವು ಸೇರಿಸಿ ಕಲಸಿ. ಮೀನಿನಲ್ಲೂ ಹಿಟ್ಟಿನಲ್ಲೂ ಉಪ್ಪಿರುವುದರಿಂದ ಮತ್ತೆ ಹಾಕುವ ಮುನ್ನ ರುಚಿ ನೋಡಿ. ಪಡ್ಡಿನ ಕಾವಲಿಯ ಗುಳಿಗಳಿಗೆ ಒಂದೊಂದು ಹನಿ ತೆಂಗಿನೆಣ್ಣೆ ಬಿಟ್ಟು ಹಿಟ್ಟು ಹೊಯ್ದು, ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಿ, ಮಗುಚಿ ಹಾಕಿ. ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಹೊರಗೆ ಮಳೆ ಸುರಿಯುತ್ತಿರಬೇಕು, ಪಕ್ಕದಲ್ಲಿ ಬಿಸಿ ಚಹಾ ಇರಬೇಕು.

ಒಣ ಸಿಗಡಿಯ ಚಟ್ನಿ ಬಲ್ಲವರಿಗೆ ಬೂತಾಯಿ ಚಟ್ನಿ ಹೇಳಿಕೊಡಬೇಕಾಗಿಯೇ ಇಲ್ಲ. ಹುರಿದ ನಾಲ್ಕು ಬ್ಯಾಡಗಿ ಮೆಣಸು, ಒಂದು ಹಿಡಿ ತೆಂಗಿನತುರಿ, ಎರಡು ಎಸಳು ಬೆಳ್ಳುಳ್ಳಿ, ಕಡಲೆಯಷ್ಟು ಹುಣಸೆಹುಳಿ ಇವನ್ನು ನೀರು ಹಾಕದೆ ತರಿತರಿಯಾಗಿ ಅರೆದು, ಡಬ್ಬಿಯ ಬೂತಾಯಿಯನ್ನು ಬಸಿದು ಅದರೊಂದಿಗೆ ಕಿವುಚಿ. ಹಸಿ ಈರುಳ್ಳಿ ಬೆರೆಸಿ ನೀರುದೋಸೆಗೆ ಹಚ್ಚಿ ಸುರುಳಿ ಸುತ್ತಿ. ಮುಳ್ಳು ತೆಗೆಯುವ ಗೋಜು ಬೇಡ. ಆ ಕಾವಿನಲ್ಲಿ ಮುಳ್ಳು ಮೆದುವಾಗಿ ಮಾಂಸದೊಡನೆ ಬೆರೆತಿರುತ್ತದೆ. ಅದನ್ನು ಬಿಡುವುದು ನಷ್ಟವೂ ಹೌದು. ಮುಳ್ಳು ಸಹಿತವಾದ ಡಬ್ಬಿ ಬೂತಾಯಿ 100 ಗ್ರಾಂ ತಿಂದರೆ ಸುಮಾರು 380 ಮಿಲಿಗ್ರಾಂ ಸುಣ್ಣದಂಶ ದೊರೆಯುತ್ತದೆ. ಅಷ್ಟೇ ತೂಕದ ಹಾಲಿನಲ್ಲಿರುವುದು ಸುಮಾರು 120. ಹಾಲು ಕಂಡರೆ ಓಡುವ ಮಕ್ಕಳ ತಾಯಂದಿರು ಗಮನಿಸಬೇಕು. ಟೂನಾಕ್ಕೆ ಈ ಲೆಕ್ಕ ಅನ್ವಯಿಸದು, ಅದರಲ್ಲಿ ಮುಳ್ಳೇ ಇರುವುದಿಲ್ಲ.

ಕಟ್ಲೆಟ್ ಎಲ್ಲರೂ ಬಲ್ಲದ್ದು. ಬೇಯಿಸಿದ ಆಲೂಗಡ್ಡೆಯೊಡನೆ ಮೀನು, ಮೆಣಸಿನಪುಡಿ, ಕೊತ್ತಂಬರಿಸೊಪ್ಪು ಕಲಸಿ ತಟ್ಟಿ, ಬ್ರೆಡ್ ಪುಡಿಯ ಬದಲು ಚಿರೋಟಿ ರವೆಯಲ್ಲಿ ಹೊರಳಿಸಿ ಕಾಯಿಸಿದರೆ ನಮ್ಮ ರವಾ ಫ್ರೈಯ ನೆಂಟಸ್ತಿಕೆ ಬರುತ್ತದೆ. ಟೊಮೆಟೊ ಸಾಸಿನಲ್ಲಿಟ್ಟ ಬೂತಾಯಿಯನ್ನಾದರೆ ಕಾಳುಮೆಣಸು, ನಿಂಬೆರಸ ಹಾಕಿ ಕಾಯಿಸಿದ ಬ್ರೆಡ್ಡಿನ ಮೇಲೆ ಹರಡಿದರೆ ಮುಗಿಯಿತು.

ಕೊಳ್ಳುವಾಗ ಒಂದು ಲೆಕ್ಕ ತಿಳಿದಿರಲಿ. ಡಬ್ಬಿಯ ಮೇಲಿನ ಒಟ್ಟು ತೂಕದಲ್ಲಿ ನೀರೋ ಎಣ್ಣೆಯೋ ಸೇರಿರುತ್ತದೆ. ಬಸಿದ ಮೇಲೆ ಉಳಿಯುವ ಮೀನಿನ ತೂಕವನ್ನು ಸಣ್ಣ ಅಕ್ಷರಗಳಲ್ಲಿ 'ಡ್ರೈನ್ಡ್ ವೇಟ್' ಎಂದು ಬೇರೆಯಾಗಿ ಮುದ್ರಿಸಿರುತ್ತಾರೆ. ಬೆಲೆ ಹೋಲಿಸಬೇಕಾದದ್ದು ಅದರೊಡನೆ. ರಕ್ತದೊತ್ತಡ ಇರುವವರು ಉಪ್ಪುನೀರಿನ ಮೀನನ್ನು ಒಮ್ಮೆ ತೊಳೆದು ಬಳಸುವುದು ಲೇಸು. ದೊಡ್ಡ ಜಾತಿಯ ಟೂನಾಗಳಲ್ಲಿ ಪಾದರಸದ ಅಂಶ ಹೆಚ್ಚು ಸೇರಿಕೊಳ್ಳುವುದರಿಂದ ಗರ್ಭಿಣಿಯರಿಗೆ ಪುಟ್ಟ ಬೂತಾಯಿಯೇ ವಾಸಿ.

ಇನ್ನು ಭಯಪಡಲೇಬೇಕಾದ ವಿಷಯ. ಉಬ್ಬಿದ ಡಬ್ಬಿ, ಸೋರುವ ಡಬ್ಬಿ, ಆಳವಾಗಿ ತುಕ್ಕು ಹಿಡಿದ ಡಬ್ಬಿ, ಅಂಚಿನ ಬೆಸುಗೆಯ ಬಳಿಯೇ ನಗ್ಗಿದ ಡಬ್ಬಿ ಅರ್ಧ ಬೆಲೆಗೆ ಸಿಕ್ಕರೂ ಬೇಡ. ಕ್ಲಾಸ್ಟ್ರಿಡಿಯಂ ಬಾಟ್ಯುಲಿನಮ್ ಎಂಬ ಬ್ಯಾಕ್ಟೀರಿಯಾ ಗಾಳಿಯಿಲ್ಲದ ಕಡೆಯೇ ಬೆಳೆಯುವಂಥದ್ದು. ಅದರ ಬೀಜಕಗಳು ಕುದಿಯುವ ನೀರಿಗೂ ಜಗ್ಗುವುದಿಲ್ಲ. ಅದಕ್ಕೆಂದೇ ಆ 120 ಡಿಗ್ರಿಯ ಕಾವು. ಕಾವು ಸಾಲದೆ ಹೋದರೆ ಅದು ಉತ್ಪಾದಿಸುವ ವಿಷ ನರಗಳನ್ನು ಹಿಡಿಯುತ್ತದೆ. ಕಣ್ಣಿಗೆ ಒಂದು ಎರಡಾಗಿ ಕಾಣುವುದು, ಮಾತು ತೊದಲುವುದು, ನುಂಗಲಾಗದಿರುವುದು, ಕೊನೆಗೆ ಉಸಿರಾಟವೇ ನಿಲ್ಲುವುದು. ವಾಸನೆ ಕೆಟ್ಟಿರಲೇಬೇಕೆಂದೂ ಇಲ್ಲ. ಆದ್ದರಿಂದ ಅನುಮಾನ ಬಂದ ಡಬ್ಬಿಯನ್ನು 'ನಾಲಿಗೆಗೆ ತಾಗಿಸಿ' ನೋಡಬೇಡಿ, ಬೆಕ್ಕಿಗೂ ಹಾಕಬೇಡಿ. ಮನೆಯ ಕುಕ್ಕರಿನಲ್ಲಿ ಮೀನು ಬೇಯಿಸಿ ಬಾಟಲಿ ತುಂಬಿಡುವ ಸಾಹಸವೂ ಬೇಡ. ಬಾಟಲಿಯ ನಡುಭಾಗಕ್ಕೆ ಎಷ್ಟು ಕಾವು ಮುಟ್ಟಿತೆಂದು ಅಳೆಯುವ ಉಪಕರಣ ನಮ್ಮಲ್ಲಿಲ್ಲ.

ಒಡೆದ ಕ್ಷಣದಿಂದ ಡಬ್ಬಿ ಮೀನು ಸಾಮಾನ್ಯ ಬೇಯಿಸಿದ ಮೀನೇ. ಉಳಿದದ್ದನ್ನು ಗಾಜಿನ ಇಲ್ಲವೆ ಸ್ಟೀಲಿನ ಪಾತ್ರೆಗೆ ಬಗ್ಗಿಸಿ ಫ್ರಿಜ್ಜಿನಲ್ಲಿಟ್ಟು ಎರಡು ದಿನದೊಳಗೆ ಮುಗಿಸಬೇಕು. ಬಂಗುಡೆ, ಟೂನಾಗಳನ್ನು ಸೆಕೆಯಲ್ಲಿ ಹಾಗೇ ಬಿಟ್ಟರೆ ಹಿಸ್ಟಮಿನ್ ಎಂಬ ವಸ್ತು ಹುಟ್ಟಿ, ತಿಂದವರ ಮುಖ ಕೆಂಪೇರಿ ಮೈ ತುರಿಸುತ್ತದೆ. ಮತ್ತೆ ಕುದಿಸಿದರೂ ಅದು ನಾಶವಾಗದು. ಫ್ರಿಜ್ ಇಲ್ಲದ ಬಾಡಿಗೆ ಕೋಣೆಗಳಲ್ಲಿರುವ ಹುಡುಗರು ದೊಡ್ಡ ಡಬ್ಬಿಯ ಉಳಿತಾಯಕ್ಕೆ ಮನಸೋಲದೆ, ಇಬ್ಬರು ಒಂದೇ ಹೊತ್ತಿಗೆ ತಿಂದು ಮುಗಿಸುವಂಥ ಸಣ್ಣ ಡಬ್ಬಿಯನ್ನೇ ಕೊಳ್ಳಲಿ.