ಪೆನ್ನಿನ ಮೈಮೇಲೆ ಹೆಸರು

ಪಾತ್ರೆಗಳ ಮೇಲೆ ಹೆಸರು ಹಾಕಿಸುವ ಪದ್ಧತಿ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತಿರುವುದೇ. ಮಗಳ ಮದುವೆಗೆ ತೆಗೆದ ಕೊಳದಪ್ಪಲೆಯಿಂದ ಹಿಡಿದು ಉಡುಗೊರೆಯಾಗಿ ಬಂದ ಲೋಟದವರೆಗೆ, ಅಂಗಡಿಯವನು ಗರಗರ ಸದ್ದು ಮಾಡುವ ಯಂತ್ರವನ್ನು ಕೈಯಲ್ಲಿ ಹಿಡಿದು ಚುಕ್ಕೆ ಚುಕ್ಕೆಯಾಗಿ ಹೆಸರು, ತಾರೀಖು ಬರೆದುಕೊಡುತ್ತಾನೆ. ಊರು ಬಿಟ್ಟು ಬಂದ ನಮ್ಮಂಥವರ ಅಡಿಗೆಮನೆಯಲ್ಲಿ ಅಜ್ಜಿಯ ಹೆಸರನ್ನು ಕನ್ನಡ ಅಕ್ಷರದಲ್ಲಿ ಹೊತ್ತ ಒಂದು ತಂಬಿಗೆಯಾದರೂ ಇರುವುದುಂಟು. ಆದರೆ ಆ ಹೆಸರು ಪಾತ್ರೆಯ ಒಡೆಯರದು. ತಂಬಿಗೆಯನ್ನು ಬಡಿದು ರೂಪು ಕೊಟ್ಟ ಕಂಚುಗಾರನ ಹೆಸರು ಅದರ ಮೇಲೆ ಹುಡುಕಿದರೂ ಸಿಗುವುದಿಲ್ಲ.

ಫೌಂಟನ್ ಪೆನ್ನಿನ ವಿಷಯದಲ್ಲಿ ಇದು ತಿರುವುಮುರುವು. ಅಲ್ಲಿ ಮೊದಲ ಮರ್ಯಾದೆ ಮಾಡಿದವನ ಹೆಸರಿಗೆ. ಆ ಹೆಸರನ್ನು ಎಲ್ಲಿ ಹಾಕುತ್ತಾರೆ, ಹೇಗೆ ಹಾಕುತ್ತಾರೆ, ಅದು ಎಷ್ಟು ಕಾಲ ಉಳಿಯುತ್ತದೆ ಎಂಬುದನ್ನು ನಾನು ತಿಳಿದುಕೊಂಡದ್ದು ಒಂದು ನಷ್ಟದಿಂದ.

ನಮ್ಮ ತಂದೆಯವರ ಪೆನ್ನು ಕಪ್ಪು ಎಬೊನೈಟಿನದು. ಧಾರವಾಡದಲ್ಲಿ ಓದುತ್ತಿದ್ದಾಗ ಕೊಂಡದ್ದೆಂದು ಹೇಳುತ್ತಿದ್ದರು. ಅವರು ತೀರಿಹೋದ ಮೇಲೆ ಅದು ನನ್ನ ಕೈಗೆ ಬಂತು. ಕಪ್ಪು ಮಾಸಿ ಕಂದಾಗಿತ್ತು. ಕತ್ತಿನಲ್ಲಿ ಮಸಿ ಸೋರುತ್ತಿತ್ತು. ಮುಂಬಯಿಯ ಫೋರ್ಟಿನ ಒಂದು ಗಲ್ಲಿಯಲ್ಲಿ ರಿಪೇರಿಯವನಿಗೆ ಒಪ್ಪಿಸಿದೆ. ವಾರದ ಮೇಲೆ ಹೋದಾಗ ಸೋರುವುದು ನಿಂತಿತ್ತು, ಪೆನ್ನು ಹೊಚ್ಚ ಹೊಸದರಂತೆ ಫಳಫಳ ಹೊಳೆಯುತ್ತಿತ್ತು. ಸಂತೋಷದಿಂದ ಹಣ ಎಣಿಸಿ ಕೊಡುತ್ತಿರುವಾಗ ಏನೋ ಕೊರತೆ ಕಂಡಿತು. ಮೈಮೇಲೆ ಎರಡು ಸಾಲು ಸಣ್ಣ ಅಕ್ಷರಗಳಿದ್ದವಲ್ಲ, ಅವು ಎಲ್ಲಿ? ಪಾಲಿಷ್ ಚಕ್ರಕ್ಕೆ ಕೊಟ್ಟಾಗ ಹೊರಟುಹೋಗಿದ್ದವು. ಅದಕ್ಕಿಂತ ನಾಚಿಕೆಯ ಸಂಗತಿಯೆಂದರೆ, ಅಲ್ಲಿ ಏನು ಬರೆದಿತ್ತೆಂದು ನನಗೇ ತಿಳಿದಿರಲಿಲ್ಲ. ಚಿಕ್ಕಂದಿನಿಂದ ನೋಡಿದ ಪೆನ್ನನ್ನು ಒಂದು ದಿನವೂ ಓದಿರಲಿಲ್ಲ.

ರಿಪೇರಿಯವನು ಸ್ವಲ್ಪವೂ ಗಾಬರಿಯಾಗಲಿಲ್ಲ. “ಯಾವ ಹೆಸರು ಬೇಕು ಹೇಳಿ ಸಾಹೇಬರೇ, ಹಾಕಿಸಿಕೊಡುತ್ತೇನೆ. ದೊಡ್ಡ ಕಂಪನಿಯ ಹೆಸರೇ ಇರಲಿ” ಎಂದ.

ಆ ಮಾತಿಗೆ ಆಗ ನನಗೆ ಉತ್ತರ ಹೊಳೆಯಲಿಲ್ಲ. ಸುಮ್ಮನೆ ಪೆನ್ನನ್ನು ಜೇಬಿಗೆ ಹಾಕಿಕೊಂಡು ಬಂದೆ. ಆಮೇಲೆ ಕೇಳಿ, ಓದಿ ತಿಳಿದದ್ದನ್ನು ಇಲ್ಲಿ ವಾಚಕರ ಮುಂದಿಡುತ್ತೇನೆ.

ಅಷ್ಟು ಸುಲಭವಾಗಿ ಅಕ್ಷರ ಅಳಿಸಿಹೋದದ್ದೇಕೆ? ಎಬೊನೈಟ್ ಎಂದರೆ ರಬ್ಬರಿಗೆ ಗಂಧಕವನ್ನು ಹೇರಳವಾಗಿ ಬೆರೆಸಿ, ಬೇಯಿಸಿ ಗಟ್ಟಿಮಾಡಿದ ವಸ್ತು. ಬಿಸಿ ತಾಗಿದರೆ ಅದು ಕೊಂಚ ಮೆದುವಾಗುತ್ತದೆ. ಹಳೆಯ ಕಾರ್ಖಾನೆಗಳು ಈ ಗುಣವನ್ನೇ ಉಪಯೋಗಿಸಿಕೊಂಡವು. ಉಕ್ಕಿನ ಅಚ್ಚಿನಲ್ಲಿ ಅಕ್ಷರಗಳು ಉಬ್ಬಾಗಿ, ಕನ್ನಡಿಯಲ್ಲಿ ಕಂಡಂತೆ ತಿರುವಾಗಿ ಇರುತ್ತವೆ. ಅಚ್ಚನ್ನು ಕಾಯಿಸಿ, ಪೆನ್ನಿನ ಕೊಳವೆಯನ್ನು ಅದರ ಮೇಲೆ ಒತ್ತಿ ಉರುಳಿಸಿದರೆ ಹೆಸರು ಮೂಡುತ್ತದೆ. ಒಂದು ಕ್ಷಣದ ಕೆಲಸ. ಆದರೆ ಇಲ್ಲಿ ಮೈಯನ್ನು ಕೊರೆದು ತೆಗೆದದ್ದು ಏನೂ ಇಲ್ಲ. ತಗ್ಗು ಬಲು ತೆಳುವಾದದ್ದು. ಬಿಸಿಲು, ತೇವ ತಾಗಿ ಮೇಲ್ಮೈಯ ಗಂಧಕ ಕೆಟ್ಟಾಗ ಎಬೊನೈಟ್ ಕಂದಾಗುತ್ತದೆ. ಆ ಕಂದನ್ನು ತೆಗೆಯಲು ಪಾಲಿಷ್ ಮಾಡುವುದೆಂದರೆ ಮೇಲಿನ ಪದರವನ್ನೇ ಸವೆಸುವುದು. ಪದರದ ಜೊತೆಗೆ ಹೆಸರೂ ಹೋಗುತ್ತದೆ. ಹಳೆಯ ಪೆನ್ನುಗಳನ್ನು ಸಂಗ್ರಹಿಸುವವರು ಮೊದಲು ಈ ಅಕ್ಷರಗಳ ಅಂಚನ್ನು ನೋಡುವುದು ಇದಕ್ಕಾಗಿಯೇ. ಅಂಚು ಚೂಪಾಗಿದ್ದರೆ ಪೆನ್ನು ಹೆಚ್ಚು ಸವೆದಿಲ್ಲವೆಂದು ಅರ್ಥ.

ಇನ್ನು ಹೆಸರು ಹಾಕುವ ಜಾಗಗಳು. ಅವು ಮುಖ್ಯವಾಗಿ ನಾಲ್ಕು: ಮೈ, ಮುಚ್ಚಳದ ಬಳೆ, ಕ್ಲಿಪ್ಪು, ನಿಬ್ಬು. ಒಂದೊಂದಕ್ಕೂ ಒಂದೊಂದು ಗುಣ, ಒಂದೊಂದು ದೋಷ.

ಮೈಮೇಲೆ ಜಾಗ ಧಾರಾಳ. ನ್ಯೂಯಾರ್ಕಿನ ವಾಟರ್‌ಮನ್ ಕಂಪನಿ ತನ್ನ ಹಳೆಯ ಪೆನ್ನುಗಳ ಮೈಮೇಲೆ ಹೆಸರು, ಊರುಗಳ ಜೊತೆಗೆ ೧೮೮೪ರ ಫೆಬ್ರವರಿ ೧೨ ಮತ್ತು ನವೆಂಬರ್ ೪ ಎಂದು ತನ್ನ ಪೇಟೆಂಟುಗಳ ತಾರೀಖುಗಳನ್ನೂ ಒತ್ತುತ್ತಿತ್ತು. ಬಾಲದ ತುದಿಯಲ್ಲಿ ೫೨ ಎಂಬಂಥ ಅಂಕೆಗಳಿರುತ್ತಿದ್ದವು. ಅದರ ಕೊನೆಯ ಅಂಕೆ ನಿಬ್ಬಿನ ಗಾತ್ರವನ್ನು ಹೇಳುತ್ತಿತ್ತು. ಒಂದು ಗೇಣಿಗಿಂತ ಚಿಕ್ಕದಾದ ವಸ್ತುವಿನ ಮೇಲೆ ಒಂದು ಸಣ್ಣ ಶಾಸನವೇ ಇತ್ತೆನ್ನಬೇಕು. ೧೯೪೧ರಲ್ಲಿ ಪೇಟೆಗೆ ಬಂದ ಪಾರ್ಕರ್ ೫೧ರ ಎಷ್ಟೋ ಪೆನ್ನುಗಳಲ್ಲಿ ಹೆಸರಿನ ಪಕ್ಕದಲ್ಲಿ ಒಂದೇ ಒಂದು ಅಂಕೆ ಕಾಣುತ್ತದೆ. ಅದು ಇಸವಿಯ ಕೊನೆಯ ಅಂಕೆ. ೮ ಎಂದಿದ್ದರೆ ೧೯೪೮ರ ಪೆನ್ನು ಎಂದು ತಿಳಿಯಬಹುದು. ಆದರೆ ಬೆರಳು ತಾಗುವುದೂ, ಜೇಬಿನ ಬಟ್ಟೆ ಉಜ್ಜುವುದೂ ಮೈಯನ್ನೇ. ಬರೆಯುವಾಗ ಮುಚ್ಚಳವನ್ನು ಬಾಲಕ್ಕೆ ಸಿಕ್ಕಿಸುವ ಅಭ್ಯಾಸವಿದ್ದರೆ ಆ ತುದಿಯ ಅಕ್ಷರಗಳು ಮೊದಲು ಸವೆಯುತ್ತವೆ.

ಬಳೆ ಮತ್ತು ಕ್ಲಿಪ್ಪು ಲೋಹದವು. ಅಲ್ಲಿ ಹಾಕಿದ ಹೆಸರು ಎಬೊನೈಟಿನ ಮೇಲಿನದಕ್ಕಿಂತ ಗಟ್ಟಿ. ಜಾಗ ಕಡಿಮೆಯಾದ್ದರಿಂದ ಕೆಲವರು ಅಕ್ಷರವನ್ನೇ ಬಿಟ್ಟು ಗುರುತು ಇಟ್ಟರು. ಪಾರ್ಕರಿನ ಬಾಣದಾಕಾರದ ಕ್ಲಿಪ್ಪು ೧೯೩೩ರದು. ಷೇಫರ್ ಕಂಪನಿಯು ತಾನು ಜೀವನಪರ್ಯಂತದ ಭರವಸೆ ಕೊಟ್ಟ ಪೆನ್ನುಗಳ ಮುಚ್ಚಳದ ಮೇಲೆ ೧೯೨೪ರಿಂದ ಒಂದು ಬಿಳಿಯ ಚುಕ್ಕೆ ಇಡತೊಡಗಿತು. ಚುಕ್ಕೆ ಇದ್ದರೆ ಕಂಪನಿಯ ಮಾತು ಇದೆ ಎಂದು ಕೊಂಡವರಿಗೆ ತಿಳಿಯುತ್ತಿತ್ತು. ಮಾಂಟ್ ಬ್ಲಾಂಕ್ ಪೆನ್ನಿನ ನೆತ್ತಿಯ ಬಿಳಿ ನಕ್ಷತ್ರವೆಂದರೆ ಹಿಮ ಮುಸುಕಿದ ಶಿಖರ. ಅದರ ನಿಬ್ಬಿನ ಮೇಲಿನ ೪೮೧೦ ಎಂಬುದು ಮಾಂಟ್ ಬ್ಲಾಂಕ್ ಪರ್ವತದ ಎತ್ತರ, ಮೀಟರುಗಳಲ್ಲಿ.

ನಿಬ್ಬಿನ ಮೇಲಿನ ಹೆಸರು ಬಹುಕಾಲ ಬಾಳುತ್ತದೆ. ತಗಡು ಚಪ್ಪಟೆಯಾಗಿರುವಾಗಲೇ ಅಚ್ಚು ಒತ್ತಿ ಆಮೇಲೆ ಬಾಗಿಸುತ್ತಾರೆ. ಆದರೆ ನಿಬ್ಬನ್ನು ಯಾರು ಬೇಕಾದರೂ ಬದಲಾಯಿಸಬಹುದು. ದೊಡ್ಡ ಹೆಸರಿನ ನಿಬ್ಬು ಕಂಡ ಮಾತ್ರಕ್ಕೆ ಪೆನ್ನು ಆ ಮನೆತನದ್ದೆಂದು ನಂಬಬಾರದು. ಇರಿಡಿಯಂ ಪಾಯಿಂಟ್ ಜರ್ಮನಿ ಎಂಬ ಬರಹ ಎಷ್ಟೋ ಅಗ್ಗದ ನಿಬ್ಬುಗಳ ಮೇಲಿದೆ. ಅದು ಯಾವ ಒಬ್ಬ ತಯಾರಕನ ಹೆಸರೂ ಅಲ್ಲ, ಪೆನ್ನು ಜರ್ಮನಿಯದೆಂಬುದಕ್ಕೆ ಸಾಕ್ಷಿಯೂ ಅಲ್ಲ. ಹಳೆಯ ಪೆನ್ನು ಕೊಳ್ಳುವವರು ಮೈ, ಕ್ಲಿಪ್ಪು, ನಿಬ್ಬು ಮೂರೂ ಒಂದೇ ಮಾತು ಹೇಳುತ್ತವೆಯೇ ಎಂದು ನೋಡಬೇಕು.

ನಮ್ಮ ದೇಶದಲ್ಲಿಯೂ ಈ ಹೆಸರಿಗೆ ಒಂದು ಚರಿತ್ರೆಯಿದೆ. ಸ್ವದೇಶಿ ಚಳುವಳಿಯ ಕಾಲದಲ್ಲಿ, ೧೯೩೦ರ ದಶಕದ ಆರಂಭದಲ್ಲಿ, ಗೋದಾವರಿ ದಡದ ರಾಜಮಂಡ್ರಿಯಲ್ಲಿ ಕೆ. ವಿ. ರತ್ನಂ ಎಂಬವರು ಎಬೊನೈಟಿನ ಪೆನ್ನುಗಳನ್ನು ಕಡೆದು ತಯಾರಿಸಲು ತೊಡಗಿದರು. ಅವರ ಪೆನ್ನು ಗಾಂಧೀಜಿಯವರ ಕೈಗೂ ಸೇರಿತು. ತಾವು ಅದನ್ನು ಉಪಯೋಗಿಸಿ ನೋಡಿದ್ದಾಗಿಯೂ, ಪೇಟೆಯಲ್ಲಿ ಕಾಣುವ ಪರದೇಶದ ಪೆನ್ನುಗಳಿಗೆ ಬದಲಾಗಿ ಅದು ಒಳ್ಳೆಯದೆಂದು ತೋರುವುದಾಗಿಯೂ ೧೯೩೫ರಲ್ಲಿ ಗಾಂಧೀಜಿ ಅವರಿಗೆ ಬರೆದರು. ಪರದೇಶದ ಹೆಸರಿಗೆ ಮಾತ್ರ ಬೆಲೆಯಿದ್ದ ಕಾಲದಲ್ಲಿ, ಪೆನ್ನು ಮಾಡಿ ಅದಕ್ಕೆ ತನ್ನದೇ ಹೆಸರು ಇಡಲು ಎದೆಗಾರಿಕೆ ಬೇಕಾಗಿತ್ತು. ಪೆನ್ನು ಸೋರಿದರೆ ಬೈಗುಳ ಆ ಹೆಸರಿಗೇ ತಾನೆ?

ಈಗ ಬಾಲ್ ಪೆನ್ನಿನ ಕಾಲವೂ ಹಳತಾಗಿರುವಾಗ, ಮನೆಯ ಮೂಲೆಯಲ್ಲಿ ಸಣ್ಣ ಲೇತ್ ಇಟ್ಟುಕೊಂಡು ಪೆನ್ನು ಕಡೆಯುವ ಉತ್ಸಾಹಿಗಳು ನಮ್ಮ ದೇಶದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತಿದ್ದಾರೆ. ನಮ್ಮ ಮನೆಗಳ ಹುಡುಗರಲ್ಲಿ ಯಾರಾದರೂ ಈ ಕೆಲಸಕ್ಕೆ ಕೈಹಾಕಿದರೆ ಹೆಸರು ಹಾಕುವ ಬಗ್ಗೆ ನಾಲ್ಕು ಮಾತು ಉಪಯೋಗಕ್ಕೆ ಬರಬಹುದು.

ಉಕ್ಕಿನ ಅಚ್ಚು ಮಾಡಿಸುವುದು ನೂರಾರು ಪೆನ್ನು ಮಾಡುವವರಿಗೆ ಮಾತ್ರ ಗಿಟ್ಟುತ್ತದೆ. ಹತ್ತಿಪ್ಪತ್ತು ಪೆನ್ನುಗಳಿಗೆ ಪ್ಯಾಂಟೋಗ್ರಾಫ್ ಯಂತ್ರ ಸಾಕು. ದೊಡ್ಡ ಅಕ್ಷರಗಳ ತಗಡಿನ ಮೇಲೆ ಒಂದು ಕೈಯ ಸೂಜಿಯನ್ನು ಓಡಿಸಿದರೆ, ಇನ್ನೊಂದು ಕೈಯ ಉಳಿ ಅದೇ ಅಕ್ಷರವನ್ನು ಚಿಕ್ಕದಾಗಿ ಪೆನ್ನಿನ ಮೇಲೆ ಕೊರೆಯುತ್ತದೆ. ಇದು ನಿಜವಾಗಿಯೂ ಕೊರೆದದ್ದಾದ್ದರಿಂದ ಗೀರು ಆಳವಾಗಿ ನಿಲ್ಲುತ್ತದೆ. ಗೀರಿನಲ್ಲಿ ಬಿಳಿಯ ಇಲ್ಲವೆ ಚಿನ್ನದ ಬಣ್ಣ ತುಂಬಿ, ಮೇಲಿನದನ್ನು ಒರೆಸಿದರೆ ಓದಲು ಸ್ಪಷ್ಟ. ಪಾರಿತೋಷಕಗಳ ಅಂಗಡಿಗಳಲ್ಲಿ ಈಗ ಲೇಸರ್ ಯಂತ್ರಗಳಿವೆ. ಲೋಹಕ್ಕೆ ಒಂದು ಬಗೆ, ಮರ ಮತ್ತು ಅಕ್ರಿಲಿಕ್ಕಿಗೆ ಮತ್ತೊಂದು. ಪೆನ್ನು ಯಾವ ವಸ್ತುವಿನದೆಂದು ಖಚಿತವಾಗಿ ತಿಳಿಯದೆ ಲೇಸರಿಗೆ ಕೊಡಬಾರದು. ಹಳೆಯ ಸೆಲ್ಯುಲಾಯ್ಡ್ ಪೆನ್ನುಗಳು ಬೇಗನೆ ಬೆಂಕಿ ಹಿಡಿಯುವಂಥವು. ಪಿವಿಸಿ ಸುಟ್ಟರೆ ವಿಷದ ಹೊಗೆ ಏಳುತ್ತದೆ. ಯಾವ ಕ್ರಮವಾದರೂ ಸರಿ, ಅದೇ ವಸ್ತುವಿನ ಚೂರೊಂದರ ಮೇಲೆ ಮೊದಲು ಪರೀಕ್ಷಿಸುವುದು ಜಾಣತನ.

ಅಕ್ಷರಗಳು ಯಾವ ದಿಕ್ಕಿಗೆ ಓಡಬೇಕು? ಬಲಗೈಯಲ್ಲಿ ಬರೆಯುವವರು ಪೆನ್ನು ಹಿಡಿದಾಗ ನಿಬ್ಬು ಎಡಕ್ಕೆ, ಬಾಲ ಬಲಕ್ಕೆ ಇರುತ್ತದೆ. ನಿಬ್ಬಿನ ಕಡೆಯಿಂದ ಬಾಲದ ಕಡೆಗೆ ಬರೆದರೆ ಹೆಸರು ಅವರ ಕಣ್ಣಿಗೆ ನೆಟ್ಟಗೆ ಕಾಣುತ್ತದೆ. ಎಡಗೈಯವರಿಗೆ ಅದೇ ತಲೆಕೆಳಗು. ಮಕ್ಕಳಿಗಾಗಿ ಮಾಡಿಸುವಾಗ ಯಾವ ಕೈಯೆಂದು ಕೇಳಿಕೊಳ್ಳಿ.

ಹೆಸರನ್ನು ಕನ್ನಡದಲ್ಲಿ ಹಾಕಬಹುದೇ? ಧಾರಾಳವಾಗಿ. ನಮ್ಮ ಅಕ್ಷರಗಳ ಬಳುಕು ಉಳಿಗೆ ಒಗ್ಗುತ್ತದೆ. ಒತ್ತಕ್ಷರಗಳದೇ ಸ್ವಲ್ಪ ತೊಂದರೆ. ಹದಿಮೂರು ಮಿಲಿಮೀಟರು ದಪ್ಪದ ಕೊಳವೆಯ ಸುತ್ತಳತೆ ಸುಮಾರು ೪೦ ಮಿಲಿಮೀಟರು. ಅಕ್ಷರ ಎತ್ತರವಾದರೆ ಕೆಳಗಿನ ಒತ್ತು ಕೊಳವೆಯ ತಿರುವಿನಲ್ಲಿ ಮರೆಯಾಗುತ್ತದೆ. ಒಂದು ಕಾಗದದ ಪಟ್ಟಿಯ ಮೇಲೆ ಹೆಸರು ಬರೆದು, ಪೆನ್ನಿಗೆ ಸುತ್ತಿ, ಕೈಯಲ್ಲಿ ಹಿಡಿದು ನೋಡಿದರೆ ಗಾತ್ರ ತಾನೇ ತಿಳಿಯುತ್ತದೆ. ಹೈದರಾಬಾದಿನಲ್ಲಿರುವವರಿಗೆ ಇನ್ನೂ ಅನುಕೂಲ. ತೆಲುಗು ಕೊರೆಯುವ ಕೈಗೆ ಅದರ ಸೋದರಲಿಪಿಯಾದ ಕನ್ನಡವನ್ನು ಕಲಿಸುವುದು ಕಷ್ಟವಲ್ಲ. ತಲೆಕಟ್ಟಿನ ವ್ಯತ್ಯಾಸವನ್ನು ಮಾತ್ರ ತೋರಿಸಿಕೊಡಬೇಕು.

ಮಾಡಿದವನು ಹೆಸರು ಹಾಕುವುದು ನಮ್ಮ ನಾಡಿಗೆ ಹೊಸದೇನಲ್ಲ. ಬೇಲೂರಿನ ಮದನಿಕೆಯರ ಪೀಠದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕಂಡರಿಸಿದ್ದಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರಿದೆ. ವಿಗ್ರಹದ ಮುಖದ ಮೇಲೆ ಯಾರೂ ಬರೆಯಲಿಲ್ಲ. ಪಾದದ ಬಳಿ, ಹುಡುಕಿದವರಿಗೆ ಕಾಣುವಂತೆ, ಅಳಿಯದಂತೆ ಬರೆದರು. ಪೆನ್ನು ಮಾಡುವವರಿಗೂ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ.

ಮನೆಯಲ್ಲಿ ಹಿರಿಯರ ಪೆನ್ನು ಇರುವವರಲ್ಲಿ ನನ್ನದೊಂದು ವಿನಂತಿ. ರಿಪೇರಿಗೆ ಕೊಡುವ ಮುಂಚೆ ಅದನ್ನು ಓದಿ. ರಾತ್ರಿ ದೀಪವನ್ನು ಓರೆಯಾಗಿ ಹಿಡಿದು, ಪೆನ್ನನ್ನು ಮೆಲ್ಲನೆ ಉರುಳಿಸಿ ನೋಡಿ. ಅಕ್ಷರ ಮಂಕಾಗಿದ್ದರೆ ಬಿಳಿಯ ಸೀಮೆಸುಣ್ಣವನ್ನು ಹಗುರವಾಗಿ ಸವರಿ ಒರೆಸಿ. ತಗ್ಗಿನಲ್ಲಿ ಉಳಿದ ಪುಡಿ ಹೆಸರನ್ನು ಎತ್ತಿ ತೋರಿಸುತ್ತದೆ. ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಡಿ. ಎಬೊನೈಟನ್ನು ಬಿಸಿನೀರಿನಲ್ಲಿ ನೆನೆಹಾಕಬೇಡಿ, ಬಿಸಿಲಿನಲ್ಲಿ ಇಡಬೇಡಿ. ರಿಪೇರಿಯವನಿಗೆ “ಪಾಲಿಷ್ ಬೇಡ” ಎಂದು ಬಾಯಿಬಿಟ್ಟು ಹೇಳಿ. ಕಂದಾದ ಪೆನ್ನೂ ಚೆನ್ನಾಗಿಯೇ ಬರೆಯುತ್ತದೆ.

ತಂದೆಯವರ ಪೆನ್ನನ್ನು ಕೆಲವು ತಿಂಗಳ ಮೇಲೆ ಹೆಸರು ಕೊರೆಯುವ ಒಬ್ಬ ಮುದುಕರ ಬಳಿಗೆ ಒಯ್ದೆ. ಅವರಲ್ಲಿದ್ದ ತಗಡುಗಳು ಇಂಗ್ಲಿಷಿನವು ಮತ್ತು ದೇವನಾಗರಿಯವು. ನಾನು ಕಾಗದದ ಮೇಲೆ ಬರೆದುಕೊಟ್ಟ ಕನ್ನಡ ಅಕ್ಷರಗಳನ್ನು ನೋಡಿಕೊಂಡು ಅವರು ಕೈಯಿಂದಲೇ ಕೊರೆದರು. ಬರೆಸಿದ್ದು ತಂದೆಯವರ ಹೆಸರು. ಪೆನ್ನಿನ ಒಡೆಯರು ಯಾರೆಂಬುದು ನನಗೆ ಗೊತ್ತಿತ್ತು, ಅದನ್ನು ಬರೆಸಿದೆ. ಮಾಡಿದವರು ಯಾರೆಂದು ಗೊತ್ತಿರಲಿಲ್ಲ. ಎರಡು ಸಾಲಿದ್ದ ಆ ಜಾಗವನ್ನು ಹಾಗೆಯೇ ಖಾಲಿ ಬಿಡಿಸಿದ್ದೇನೆ.